ಕಾಣದ ಗೆಳೆಯರ ಊರಿಗೆ

ಸ್ನೇಹಕ್ಕೆ ಕಣ್ಣು ಮುಖ್ಯವೋ ಮನಸ್ಸು ಮುಖ್ಯವೋ ಎಂಬ ಪ್ರಶ್ನೆ ಬಹು ಹಳೆಯದು. ತಾವರೆಗೂ ಸೂರ್ಯನಿಗೂ, ನೈದಿಲೆಗೂ ಚಂದ್ರನಿಗೂ, ನವಿಲಿಗೂ ಮುಗಿಲಿಗೂ ಇರುವ ನಂಟನ್ನು ಎತ್ತಿ ತೋರಿಸಿ, ದೂರವು ಸ್ನೇಹಕ್ಕೆ ಅಡ್ಡಿಯಲ್ಲವೆಂದು ನಮ್ಮ ಪೂರ್ವಕವಿಗಳು ತೀರ್ಪು ಕೊಟ್ಟುಬಿಟ್ಟಿದ್ದಾರೆ. ಆದರೆ ಒಂದು ದಿನ ತಾವರೆಯು ಕೆರೆಯಿಂದೆದ್ದು, ಗಂಟುಮೂಟೆ ಕಟ್ಟಿಕೊಂಡು, ಸೂರ್ಯನನ್ನು ಅವನ ಮನೆಯಲ್ಲಿಯೇ ಕಂಡುಬರುವೆನೆಂದು ಹೊರಟರೆ ಏನಾದೀತೆಂಬುದನ್ನು ಅವರಾರೂ ಹೇಳಿಲ್ಲ. ಹೇಳುವ ಪ್ರಸಂಗವೂ ಅವರಿಗೆ ಬಂದಿರಲಿಲ್ಲ. ಈಗ ಬಂದಿದೆ. ಅಂಗೈಯಗಲದ ಗಾಜಿನ ಮೇಲೆ ಅಕ್ಷರವನ್ನೊತ್ತಿದರೆ ಕ್ಷಣಾರ್ಧದಲ್ಲಿ ಅದು ಸಮುದ್ರವನ್ನೂ ಪರ್ವತವನ್ನೂ ದಾಟಿ ಇನ್ನೊಬ್ಬನ ಅಂಗೈಯಲ್ಲಿ ಮೂಡುವ ಈ ಕಾಲದಲ್ಲಿ, ಒಮ್ಮೆಯೂ ಕಾಣದ ಗೆಳೆಯರು ಇಲ್ಲದ ಮನೆಯೇ ಅಪರೂಪ. ಅವರನ್ನು ಕಾಣಹೊರಡುವವರು ಮಾತ್ರ ಇನ್ನೂ ಅಪರೂಪವೇ.

ಅಂಥ ಅಪರೂಪದವರಲ್ಲೊಬ್ಬರು ಗದಗ ಜಿಲ್ಲೆಯ ಒಬ್ಬ ನಿವೃತ್ತ ಮಾಸ್ತರರು. ಮೂವತ್ತಾರು ವರ್ಷ ಗಣಿತ ಕಲಿಸಿ ವಿಶ್ರಾಂತಿ ಪಡೆದವರು. ವಯಸ್ಸು ಅರವತ್ತೆರಡು. ಹುಟ್ಟಿದ ಲಾಗಾಯ್ತು ಅವರು ಕಂಡ ಅತಿ ದೂರದ ಊರೆಂದರೆ ಕಾಶಿ; ಅದೂ ತಾಯಿಯನ್ನು ಕರೆದುಕೊಂಡು, ರೈಲಿನಲ್ಲಿ. ಅವರ ಸಂಪತ್ತೆಂದರೆ ಒಂದು ದೂರದರ್ಶಕ, ಒಂದು ಹಳೆಯ ಕ್ಯಾಮೆರಾ, ಮತ್ತು ಮಾಗಡಿಯ ಕೆರೆ.

ಮಾಗಡಿಯೆಂದೊಡನೆ ಬಹಳ ಮಂದಿಗೆ ಬೆಂಗಳೂರಿನ ಬಳಿಯ ಕೆಂಪೇಗೌಡರ ಮಾಗಡಿ ನೆನಪಾಗುತ್ತದೆ. ಇದು ಆ ಮಾಗಡಿಯಲ್ಲ, ಶಿರಹಟ್ಟಿ ತಾಲೂಕಿನದು. ಹೊರಗಿನವನ ಕಣ್ಣಿಗೆ ಅದೊಂದು ಸಾಧಾರಣ ಕೆರೆ: ಸುತ್ತ ಎರೆಹೊಲ, ದಂಡೆಯಲ್ಲಿ ನಾಲ್ಕು ಜಾಲಿಗಿಡ. ಆದರೆ ಕಾರ್ತಿಕ ಕಳೆಯುತ್ತಲೇ ಅಲ್ಲಿ ಒಂದು ವೈಭವ ಬಂದಿಳಿಯುತ್ತದೆ. ಉತ್ತರದ ಆಕಾಶದಿಂದ ಸಾಲುಸಾಲಾಗಿ ಪಟ್ಟೆತಲೆಯ ಹೆಬ್ಬಾತುಗಳು ಬಂದು ನೀರನ್ನು ಮುಚ್ಚಿಬಿಡುತ್ತವೆ. ಬಿಳಿಯ ತಲೆಯ ಮೇಲೆ ಎರಡು ಕರಿಯ ಪಟ್ಟೆ. ನೋಡಿದರೆ ಯಾರೋ ಮಸಿಯಲ್ಲಿ ಬೆರಳದ್ದಿ ಎಳೆದಂತೆ. ಹಗಲೆಲ್ಲ ನೀರಿನಲ್ಲಿ ತೂಕಡಿಸಿ, ಹೊತ್ತು ಮುಳುಗಿದ ಮೇಲೆ ಹೊಲಗಳಿಗೆ ಮೇವಿಗೆ ಹೋಗುತ್ತವೆ. ಒಕ್ಕಲಿಗರು ಗೊಣಗುತ್ತಾರೆ, ಆದರೂ ಹೊಡೆಯುವುದಿಲ್ಲ. ಮಾರ್ಚಿಯ ಬಿಸಿಲು ಏರುವ ಹೊತ್ತಿಗೆ ಅವು ಹೊರಟುಹೋಗುತ್ತವೆ. ಈ ಕೆರೆಯನ್ನು ಸರಕಾರವು 2015ರಲ್ಲಿ ಸಂರಕ್ಷಿತ ಪ್ರದೇಶವಾಗಿ ಮಾಡಿತು. 2024ರಲ್ಲಿ ರಾಮ್‌ಸರ್ ಪಟ್ಟಿಯಲ್ಲಿಯೂ ಅದರ ಹೆಸರು ಸೇರಿ, ಶಿರಹಟ್ಟಿ ತಾಲೂಕಿನ ನೀರಿಗೆ ಜಗತ್ತಿನ ದಫ್ತರದಲ್ಲಿ ಒಂದು ಸ್ಥಾನ ದೊರೆಯಿತು.

ಮಾಸ್ತರರು ಈ ಹಕ್ಕಿಗಳನ್ನು ಬಾಲ್ಯದಿಂದ ನೋಡುತ್ತಲೇ ಇದ್ದರು. ಆದರೆ ಒಂದು ಪುಷ್ಯಮಾಸದ ಮುಂಜಾವಿನಲ್ಲಿ, ಒಂದು ಹೆಬ್ಬಾತಿನ ಕೊರಳಿನಲ್ಲಿ ಪಟ್ಟಿಯೊಂದನ್ನು ಕಂಡರು. ಅದರ ಮೇಲೆ ಅಕ್ಷರ, ಅಂಕೆ. ಹಕ್ಕಿಗೆ ಕೊರಳಪಟ್ಟಿ ಕಟ್ಟುವವರು ಯಾರು? ಚಿತ್ರ ತೆಗೆದರು, ಬಲ್ಲವರನ್ನು ವಿಚಾರಿಸಿದರು, ಯಾರೋ ಒಂದು ವಿಳಾಸ ಕೊಟ್ಟರು, ಅದಕ್ಕೆ ನಾಲ್ಕು ಸಾಲು ಬರೆದು ಕಳಿಸಿದರು. ಮೂರನೆಯ ದಿನ ಉತ್ತರ ಬಂದಿತು. ಹಕ್ಕಿಯು ಮಂಗೋಲಿಯ ದೇಶದ ಅರ್ಖಾಂಗೈ ಪ್ರಾಂತದ ತೆರ್ಖಿನ್ ತ್ಸಗಾನ್ ಸರೋವರದ್ದು. ರೆಕ್ಕೆಯ ಗರಿ ಉದುರಿ ಹಾರಲಾರದೆ ಇರುವ ಜುಲೈ ತಿಂಗಳಿನಲ್ಲಿ ಅದನ್ನು ಹಿಡಿದು ಪಟ್ಟಿ ತೊಡಿಸಲಾಗಿದ್ದಿತು. ಉತ್ತರದ ಕೊನೆಗೆ ಇನ್ನೊಂದು ಮಾತು ಇದ್ದಿತು: 'ಪಟ್ಟಿ ತೊಡಿಸುವಾಗ ಈ ಹಕ್ಕಿಯನ್ನು ಹಿಡಿದುಕೊಂಡಿದ್ದವನು ನಾನು. ಅದು ನನ್ನ ಕೈ ಕಚ್ಚಿತ್ತು. ಅದು ಬದುಕಿದೆಯೆಂದು ತಿಳಿದು ನಮ್ಮ ಮನೆಯವರಿಗೆಲ್ಲ ಸಂತೋಷವಾಯಿತು.'

ಬರೆದವನು ಆ ಸರೋವರದ ಕಾವಲಿನ ಕೆಲಸದ ಒಬ್ಬ ತರುಣ. ಅವನಿಗೆ ಇಂಗ್ಲಿಷು ಅಷ್ಟಕ್ಕಷ್ಟೆ. ಅವನ ಮಾತನ್ನು ತಿದ್ದಿ ಕಳಿಸುತ್ತಿದ್ದವಳು ರಾಜಧಾನಿಯಾದ ಉಲಾನ್‌ಬಾತರಿನಲ್ಲಿ ಶಾಲೆಯ ಉಪಾಧ್ಯಾಯಿನಿಯಾಗಿದ್ದ ಅವನ ಸೋದರಸಂಬಂಧಿ. ಹೀಗೆ ಒಂದು ಹಕ್ಕಿಯ ಕೊರಳಪಟ್ಟಿಯಿಂದ ಮೂವರ ಸ್ನೇಹ ಮೊದಲಾಯಿತು. ಮಾಸ್ತರರ ಬೆಳಗಿನ ಆರು ಗಂಟೆಗೆ ಅಲ್ಲಿ ಎಂಟೂವರೆ. ಮಾಸ್ತರರು ಚಹಾ ಕುಡಿಯುತ್ತ ಕೆರೆಯ ಸುದ್ದಿ ಬರೆಯುವರು. ಅವನು ಉಪ್ಪು ಹಾಕಿದ ಹಾಲಿನ ಚಹಾ ಕುಡಿಯುತ್ತ ಸರೋವರದ ಸುದ್ದಿ ಬರೆಯುವನು. ಅವನು ಇವರನ್ನು 'ಅಖ್' ಎಂದು ಸಂಬೋಧಿಸುತ್ತಿದ್ದನು. ಅವರ ಭಾಷೆಯಲ್ಲಿ ಅದು ಹಿರಿಯ ಅಣ್ಣನಿಗೆ ಸಲ್ಲುವ ಹೆಸರು. ಇದನ್ನು ಕೇಳಿ ಮಾಸ್ತರರ ತಾಯಿ, 'ಅಣ್ಣಗ ಅಕ್ಕ ಅಂತಾರ? ಚಲೋ ಮಂದಿ!' ಎಂದು ಬಹಳ ಹೊತ್ತು ನಕ್ಕಿದ್ದರು. ಆದರೆ ಆ ದೇಶದವರ ಭಾಷೆಯಲ್ಲಿ ಬುಧನಿಗೆ ಬುದ್, ಶುಕ್ರನಿಗೆ ಸುಗರ್, ಮಂಗಳನಿಗೆ ಅಂಗಾರಗ್, ಬೃಹಸ್ಪತಿಗೆ ಬರ್ಖಸ್ಬದಿ, ಶನೈಶ್ಚರನಿಗೆ ಸಂಚಿರ್ ಎಂದು ಹೆಸರಿದೆಯೆಂಬುದನ್ನು ಮಗ ತಿಳಿಸಿದಾಗ ಮುದುಕಿ ಗಂಭೀರರಾದರು. ಬೌದ್ಧಧರ್ಮದ ಹಿಂದೆಯೇ ಸಂಸ್ಕೃತದ ಹೆಸರುಗಳೂ ಆ ಹುಲ್ಲುಗಾವಲಿಗೆ ನಡೆದುಹೋಗಿದ್ದವು. ಶನಿಮಹಾತ್ಮನು ಕಾಡುವ ಊರು ತೀರ ಪರದೇಶವಾಗಲಾರದೆಂದು ಅವರಿಗೆ ಅಂದಿನಿಂದ ಸ್ವಲ್ಪ ಧೈರ್ಯ.

ಹೀಗೆಯೇ ವರ್ಷಗಳು ಕಳೆದವು. 'ಬನ್ನಿರಿ' ಎಂದು ಅವರು ಬರೆಯುವರು. 'ಬರೋಣ' ಎಂದು ಇವರು ಬರೆಯುವರು. ಈ 'ಬರೋಣ' ಎಂಬುದು ಕನ್ನಡದ ಅತ್ಯಂತ ಸುರಕ್ಷಿತವಾದ ಪದಗಳಲ್ಲೊಂದು. ಅದರಲ್ಲಿ ಬರುವ ಆಸೆ ಉಂಟು, ಬರುವ ದಿನವಿಲ್ಲ. ಆದರೆ ನಿವೃತ್ತರಾದ ಮೇಲೆ ಈ ಮಾತಿನ ಮರೆಯಲ್ಲಿ ನಿಲ್ಲುವುದು ಮಾಸ್ತರರಿಗೆ ಕಷ್ಟವಾಗತೊಡಗಿತು. ರಜೆಯಿಲ್ಲವೆನ್ನುವಂತಿಲ್ಲ. ಮಗಳ ಮದುವೆಯಾಗಿದ್ದಿತು. ಮಾಳಿಗೆಯ ಮೇಲೊಂದು ಕೋಣೆ ಕಟ್ಟಿಸಬೇಕೆಂದು ಇಟ್ಟಿದ್ದ ಹಣ ಬ್ಯಾಂಕಿನಲ್ಲಿತ್ತು. ಒಂದು ಸಂಜೆ ಆ ಹಣದ ವಿಷಯವನ್ನು ಹೆಂಡತಿಯ ಮುಂದೆ ತೆಗೆದರು.

ಆಕೆಯೂ ಓದಿದವಳು, ಕೂಡಲೆ ಬೇಡವೆನ್ನಲಿಲ್ಲ. ಒಂದೊಂದಾಗಿ ಪ್ರಶ್ನೆ ಹಾಕಿದಳು. ಅಲ್ಲಿ ಊಟವೇನು? ಚಳಿಯೆಷ್ಟು? ಬೇನೆ ಬಂದರೆ ನೋಡುವವರಾರು? ಮಾಸ್ತರರು ಗಣಿತದವರಾದುದರಿಂದ ರಾಮಾನುಜನ್ನರ ದೃಷ್ಟಾಂತವನ್ನು ತಂದರು. 1913ರ ಜನವರಿಯಲ್ಲಿ ಮದರಾಸಿನ ಗುಮಾಸ್ತನೊಬ್ಬನು ಕೇಂಬ್ರಿಜಿನ ಹಾರ್ಡಿಯವರಿಗೆ ಒಂದು ಕಾಗದ ಬರೆದನು. ಇಬ್ಬರೂ ಒಬ್ಬರನ್ನೊಬ್ಬರು ಕಂಡವರಲ್ಲ. ಆ ಕಾಗದದ ಬಲದ ಮೇಲೆ 1914ರ ಮಾರ್ಚಿ 17ರಂದು ಅವನು ಹಡಗು ಹತ್ತಿದನು. ಸಮುದ್ರವನ್ನು ದಾಟುವುದನ್ನು ಬೌಧಾಯನರು ಪತನೀಯಗಳಲ್ಲಿ ಎಣಿಸಿದ್ದಾರೆ; ಆ ಕಾಲದ ಆಚಾರವಂತರ ಮನೆಗಳಲ್ಲಿ ಅದು ಇನ್ನೂ ಜೀವಂತವಾಗಿದ್ದ ಭಯ. ಆದರೂ ತಾಯಿಯ ಕನಸಿನಲ್ಲಿ ನಾಮಗಿರಿ ದೇವಿಯು ಬಂದು ಮಗನ ದಾರಿಗೆ ಅಡ್ಡ ನಿಲ್ಲಬೇಡವೆಂದು ಅಪ್ಪಣೆಯಿತ್ತಳೆಂದು ಹೇಳುತ್ತಾರೆ. ಕಾಗದದ ಸ್ನೇಹ ಸುಳ್ಳಾಗಲಿಲ್ಲ. ಅದರಿಂದ ಗಣಿತಶಾಸ್ತ್ರವೇ ಬೆಳಗಿತು. ಮಾಸ್ತರರು ಇಷ್ಟು ಹೇಳಿ ಗೆದ್ದವರಂತೆ ಕುಳಿತರು.

'ಹೌದು. ಅಲ್ಲಿ ಸರಿಯಾಗಿ ಊಟ ಸಿಗದ, ಜಡ್ಡು ಹಿಡದು, 1919ರಾಗ ತಿರುಗಿ ಬಂದ್ರು. ಮುಂದಿನ ವರ್ಷ ಏಪ್ರಿಲ್‌ದಾಗ ತೀರಿಕೊಂಡ್ರು. ಅದನ್ನೂ ಹೇಳ್ರಿ,' ಎಂದಳು ಆಕೆ.

ಮಾಸ್ತರರು ದೃಷ್ಟಾಂತವನ್ನು ಹಿಂದೆಗೆದುಕೊಂಡರು. ಆದರೆ ಆಕೆಯೇ ಸ್ವಲ್ಪ ಹೊತ್ತಿನ ಮೇಲೆ, 'ಕೋಣಿ ಮುಂದಿನ ವರ್ಷ ಕಟ್ಟಿಸಿದ್ರಾತು. ನಿಮ್ಮ ಕಾಲು ಗಟ್ಟಿ ಇರೂದು ಈ ವರ್ಷ,' ಎಂದಳು. ಹೀಗೆ ಮಂಜೂರಾತಿ ದೊರೆಯಿತು.

ಯಾತ್ರೆಯ ಸಿದ್ಧತೆಯೆಂಬುದು ಯಾತ್ರೆಗಿಂತ ದೊಡ್ಡದು. ಮೊದಲನೆಯದು ಪಾಸ್‌ಪೋರ್ಟು. ಅರ್ಜಿಯಲ್ಲಿ ಜನ್ಮದಿನವನ್ನು ಬರೆಯಬೇಕು. ಮಾಸ್ತರರು ಹುಟ್ಟಿದ್ದು ಶ್ರಾವಣದಲ್ಲಿ. ಆ ದಿನ ಮಳೆ ಹತ್ತಿ ಸೂಲಗಿತ್ತಿಯು ಹಳ್ಳ ದಾಟಲಾರದೆ ಹೋದುದನ್ನು ತಾಯಿ ಇಂದಿಗೂ ವರ್ಣಿಸುತ್ತಾರೆ. ಆದರೆ ಶಾಲೆಯ ದಾಖಲೆಯಲ್ಲಿ ಅವರು ಹುಟ್ಟಿದ್ದು ಜೂನ್ 1. ನಮ್ಮ ನಾಡಿನಲ್ಲಿ ಒಂದು ತಲೆಮಾರಿನ ಅರ್ಧ ಜನ ಜೂನ್ 1ರಂದೇ ಹುಟ್ಟಿದವರು. ಅಂದು ಶಾಲೆಗಳು ತೆರೆಯುವ ಕಾಲ. ಹೆಡ್ಮಾಸ್ತರರ ಲೇಖನಿಯೇ ಸೂಲಗಿತ್ತಿ. ತಾವೂ ತಮ್ಮ ಕಾಲದಲ್ಲಿ ಎಷ್ಟೋ ಮಕ್ಕಳನ್ನು ಅದೇ ದಿನ ಹುಟ್ಟಿಸಿದ್ದ ಮಾಸ್ತರರು ಈಗ ಮರುಮಾತಿಲ್ಲದೆ ಜೂನ್ 1 ಎಂದು ತುಂಬಿದರು. ಮೂವತ್ತಾರು ಪುಟದ ಪುಸ್ತಕಕ್ಕೆ 1,500 ರೂಪಾಯಿ; ಅರವತ್ತು ದಾಟಿದವರಿಗೆ ನೂರಕ್ಕೆ ಹತ್ತು ರಿಯಾಯತಿಯಾದುದರಿಂದ 1,350. ಹುಬ್ಬಳ್ಳಿಗೆ ಹೋಗಿ ಬೆರಳಿನ ಗುರುತು ಕೊಟ್ಟು ಬಂದರು. ಪೋಲೀಸರವನು ವಿಚಾರಣೆಗೆ ಬಂದನು. ಬಂದವನು ಹಳೆಯ ಶಿಷ್ಯ. 'ಸರ್, ನಿಮ್ಮ ನಡತಿ ಬಗ್ಗೆ ನಾ ಬರೀಬೇಕಾಗೇತಿ!' ಎಂದು ನಾಚಿ, ನಿಂತೇ ಬರೆದುಕೊಂಡು ಹೋದನು.

ತರುವಾಯ ವೀಸಾ. ಇಂಥ ಅರ್ಜಿಗಳಲ್ಲಿ ಹೋಗುವ ಉದ್ದೇಶವೇನು, ಕರೆದವರೊಡನೆ ಸಂಬಂಧವೇನು ಎಂಬ ಪ್ರಶ್ನೆಗಳಿರುತ್ತವೆ. ವ್ಯಾಪಾರಕ್ಕೆ ಹೋಗುವವನಿಗೂ, ಮಗನ ಮನೆಗೆ ಹೋಗುವವನಿಗೂ ಅವು ಸುಲಭ. ಹಕ್ಕಿಯ ಕೊರಳಪಟ್ಟಿಯಿಂದಾದ ಬಂಧುತ್ವಕ್ಕೆ ಯಾವ ಸರಕಾರದ ಕಾಗದದಲ್ಲಿಯೂ ಒಂದು ಮನೆಯಿಲ್ಲ. ಮಾಸ್ತರರು ಬಹಳ ಯೋಚಿಸಿ 'ಸ್ನೇಹಿತರು' ಎಂದಷ್ಟೇ ಬರೆದರು. ಉಪಾಧ್ಯಾಯಿನಿಯು ತನ್ನ ಕಡೆಯಿಂದ ಕಳಿಸಿದ ಆಹ್ವಾನಪತ್ರದಲ್ಲಿಯೂ ಅದೇ ಶಬ್ದವಿದ್ದುದನ್ನು ನೋಡಿ ಅವರಿಗೆ, ದೂರದಿಂದ ಲೆಕ್ಕ ಮಾಡಿದ ಇಬ್ಬರಿಗೂ ಒಂದೇ ಉತ್ತರ ಬಂದಾಗ ಆಗುವಂಥ ಸಮಾಧಾನವಾಯಿತು.

ದಾರಿಯ ವಿಚಾರ ಇನ್ನೂ ವಿಚಿತ್ರ. ಮಾಗಡಿಯಿಂದ ಆ ಸರೋವರಕ್ಕೆ ನೇರವಾಗಿ ಗೆರೆಯೆಳೆದರೆ 4,000 ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು. ಹೆಬ್ಬಾತು ಆ ಗೆರೆಯ ಆಸುಪಾಸಿನಲ್ಲಿಯೇ ಹಾರುತ್ತದೆ. ನಡುವೆ ಹಿಮಾಲಯವಿರುವುದನ್ನು ಅದು ಒಂದು ನೆಪವಾಗಿ ಬಳಸುವುದಿಲ್ಲ. ವಿಜ್ಞಾನಿಗಳು ಈ ಹಕ್ಕಿಗಳ ಬೆನ್ನಿಗೆ ಸಣ್ಣ ಯಂತ್ರ ಕಟ್ಟಿ ದಾರಿಯನ್ನು ಹಿಂಬಾಲಿಸಿದ್ದಾರೆ. 2013ರಲ್ಲಿ ಪ್ರಕಟವಾದ ಅಂಥ ಒಂದು ಅಧ್ಯಯನದಲ್ಲಿ ಒಂದು ಹಕ್ಕಿ 7,290 ಮೀಟರಿನವರೆಗೆ ಏರಿದ್ದು ಕಂಡುಬಂದಿತು. ಆದರೆ ಅವು ಎತ್ತರದ ಮೋಜಿಗೆ ಏರುವುದಿಲ್ಲ. ಸಾಧ್ಯವಾದಷ್ಟೂ ಕಣಿವೆಗಳನ್ನು ಹಿಡಿದು, ಗಾಳಿಯು ತಣ್ಣಗೆ ದಟ್ಟವಾಗಿರುವ ರಾತ್ರಿಯ ಮತ್ತು ಬೆಳಗಿನ ಜಾವದ ಹೊತ್ತಿನಲ್ಲಿ ಹಾರುತ್ತವೆ. ಇವುಗಳ ರಕ್ತವು ತೆಳುವಾದ ಗಾಳಿಯಿಂದಲೂ ಪ್ರಾಣವಾಯುವನ್ನು ಹೆಚ್ಚು ಬಿಗಿಯಾಗಿ ಹಿಡಿಯಬಲ್ಲದು. ಎರಡು ಮೂರು ಕಿಲೋ ತೂಕದ ಪ್ರಾಣಿಗೆ ಇಷ್ಟು ಸಾಮರ್ಥ್ಯ. ಮನುಷ್ಯನಾದರೋ ಬೆಂಗಳೂರಿಗೆ ಹೋಗಿ, ದೆಹಲಿಗೆ ಹಾರಿ, ಅಲ್ಲಿಂದ ಮತ್ತೊಂದು ದೇಶದಲ್ಲಿಳಿದು ವಿಮಾನ ಬದಲಿಸಿ, ಉಲಾನ್‌ಬಾತರಿನ ಹೊರಗೆ 2021ರಲ್ಲಿ ತೆರೆದ ಹೊಸ ನಿಲ್ದಾಣವನ್ನು ಮುಟ್ಟಿ, ಅಲ್ಲಿಂದಲೂ ಮೋಟಾರಿನಲ್ಲಿ 600 ಕಿಲೋಮೀಟರಿಗೂ ಹೆಚ್ಚು ದೂರ ಪಶ್ಚಿಮಕ್ಕೆ ಕುಲುಕುತ್ತ ಹೋಗಬೇಕು. 'ಹಕ್ಕಿಗೆ ಎರಡು ನಿಲ್ದಾಣ, ನನಗೆ ಐದು,' ಎಂದು ಮಾಸ್ತರರು ತರುಣನಿಗೆ ಬರೆದರು.

ಊಟದ ಪ್ರಶ್ನೆಯಲ್ಲಿ ಮನೆಯವರೆಲ್ಲ ಕೂಡಿದರು. ಅದು ಮಾಂಸದ ದೇಶವೆಂದು ಎಲ್ಲರೂ ಬಲ್ಲರು. ಮಾಸ್ತರರ ಮನೆಯಲ್ಲಿ ಮೊಟ್ಟೆಯೂ ಒಳಗೆ ಬಂದುದಿಲ್ಲ. ಆದರೆ ಉಪಾಧ್ಯಾಯಿನಿಯು ಸಮಾಧಾನ ಹೇಳಿ ಬರೆದಳು. ಬೇಸಗೆಯ ತಿಂಗಳುಗಳಲ್ಲಿ ಕುರಿ, ಆಕಳು, ಚಮರೀಮೃಗಗಳು ಹಾಲು ಕೊಡುವ ಕಾಲ. ಆಗ ಅವರಲ್ಲಿ 'ಬಿಳಿಯ ಆಹಾರ'ವೆಂದು ಕರೆಯುವ ಮೊಸರು, ಕೆನೆ, ಒಣಗಿಸಿದ ಗಿಣ್ಣಿನಂಥ ಗಟ್ಟಿಗಳೇ ಹೆಚ್ಚು. ಹುಳಿಬರಿಸಿದ ಕುದುರೆಯ ಹಾಲನ್ನು ಕೊಟ್ಟಾರು. ಅದು ಸ್ವಲ್ಪ ಅಮಲಿನದು. ಬೇಡವಾದರೆ ತುಟಿಗೆ ಮುಟ್ಟಿಸಿ ಹಿಂದಕ್ಕೆ ಕೊಟ್ಟರೆ ಮರ್ಯಾದೆ ಉಳಿಯುತ್ತದೆ. ಕೊಟ್ಟುದನ್ನು ಬಲಗೈಯಲ್ಲಿ, ಎಡಗೈಯಿಂದ ಮೊಣಕೈ ಹಿಡಿದುಕೊಂಡು ತೆಗೆದುಕೊಳ್ಳಬೇಕು. ಗೇರ್ ಎಂಬ ಅವರ ದುಂಡನೆಯ ಉಣ್ಣೆಗುಡಾರದ ಹೊಸ್ತಿಲನ್ನು ತುಳಿಯಬಾರದು. ತಾಯಿ ಇದಿಷ್ಟನ್ನೂ ಕೇಳಿ, 'ಬಲಗೈಲೆ ಇಸಗೊಳ್ಳೂದು, ಹೊಸ್ತಿಲಾ ತುಳೀಬಾರದು. ಇದನ್ನ ಹೊಸದಾಗಿ ಏನ್ ಕಲೀತಿ, ತಮ್ಮಾ? ನಾ ಕಲಿಸಿದ್ದ ಅಲ್ಲೇನು?' ಎಂದರು. ಆದರೂ ಮರುದಿನದಿಂದ ಕಟಕರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳ ಹಿಂಡಿಗಳ ಏರ್ಪಾಡು ನಡೆದೇ ನಡೆಯಿತು.

ಇಲ್ಲಿಯವರೆಗಿನ ಸಂಗತಿಗಳು ಹೊರಗಿನವು. ಮಾಸ್ತರರ ಒಳಗೆ ಇನ್ನೊಂದು ಸಂಗತಿ ಇದ್ದಿತು. ಅದನ್ನು ಅವರು ಯಾರ ಮುಂದೆಯೂ ಆಡಿರಲಿಲ್ಲ. ಆಡುವುದೇ ಅವರಿಗೆ ಕಷ್ಟ. ಅವರು ತೊದಲುವವರು.

ಬಾಲ್ಯದಿಂದಲೂ ನಾಲಗೆಯು ಅವರ ಸಂಗಡ ಹಗೆ ಸಾಧಿಸಿದೆ. ಕ, ಪ, ಮ ಮೊದಲಾದ ಅಕ್ಷರಗಳ ಬಾಗಿಲಲ್ಲಿ ಮಾತು ನಿಂತುಬಿಡುತ್ತದೆ, ಮುಖ ಕೆಂಪಾಗುತ್ತದೆ, ಎದುರಿಗಿದ್ದವರು ದಯೆಯಿಂದ ಶಬ್ದವನ್ನು ತಾವೇ ಪೂರೈಸುತ್ತಾರೆ. ಆ ದಯೆಯಷ್ಟು ನೋಯಿಸುವುದು ಮತ್ತೊಂದಿಲ್ಲ. ಅವರು ಗಣಿತವನ್ನು ಆರಿಸಿಕೊಂಡುದೂ ಈ ಕಾರಣದಿಂದಲೇ: ಅಲ್ಲಿ ಹಲಗೆಯೂ ಸುಣ್ಣದ ಕಡ್ಡಿಯೂ ಮಾತಾಡುತ್ತವೆ. ಒಂದು ಆಶ್ಚರ್ಯವಿದೆ. ಹಾಡುವಾಗಲೂ ಹಲವರೊಡನೆ ಒಕ್ಕೊರಲಿನಿಂದ ಹೇಳುವಾಗಲೂ ಸಾಮಾನ್ಯವಾಗಿ ತೊದಲುವವರಿಗೆ ತೊದಲು ಬರುವುದಿಲ್ಲ. ಮಕ್ಕಳೊಡನೆ ಮಗ್ಗಿ ಹೇಳುವಾಗ ಮಾಸ್ತರರ ದನಿ ಗಂಟೆಯಂತೆ ಇರುತ್ತಿದ್ದಿತು. ಮಗ್ಗಿ ಮುಗಿದೊಡನೆ ಮತ್ತೆ ಅದೇ ಸೆರೆಮನೆ.

ಬರವಣಿಗೆಯ ಸ್ನೇಹದಲ್ಲಿ ಈ ಸೆರೆಮನೆ ಇರಲಿಲ್ಲ. ಮಂಗೋಲಿಯದ ಗೆಳೆಯರು ಬಲ್ಲ ಮಾಸ್ತರರು ನಿರರ್ಗಳರು, ವಿನೋದಿಗಳು, ಪ್ರಶ್ನೆಗೆ ತಟ್ಟನೆ ಉತ್ತರ ಕೊಡತಕ್ಕವರು. ಮಾತಾಡುವ ಕರೆ ಬಂದಾಗಲೆಲ್ಲ ಮಾಸ್ತರರು 'ಇಲ್ಲಿ ತಂತಿ ಸರಿಯಿಲ್ಲ' ಎಂದು ಬರೆದು ತಪ್ಪಿಸಿಕೊಂಡಿದ್ದರು. ಈಗ ಹೋಗಿ ನಿಂತಾಗ ಅವರು ಬಾಗಿಲಲ್ಲಿ ಕಾಣುವ ಮನುಷ್ಯನು ಬೇರೆಯೇ ಆಗುವನಲ್ಲ! ವರ್ಷಗಟ್ಟಲೆ ತಾವು ಒಂದು ವೇಷ ಹಾಕಿಕೊಂಡಿದ್ದಂತಾಗಲಿಲ್ಲವೆ? ಎಂದು ಅವರಿಗೆ ರಾತ್ರಿ ನಿದ್ದೆ ಬಾರದು. ಕಾಣದ ಗೆಳೆಯರನ್ನು ಕಾಣಹೊರಟವರೆಲ್ಲರ ಭಯದ ಮೂಲ ಇದೇ. ಅವರು ಹೇಗಿರುವರೋ ಎಂಬುದು ಸಣ್ಣ ಭಯ. ತಾನು ಹೇಗೆ ಕಂಡೇನೋ ಎಂಬುದು ದೊಡ್ಡದು.

ಕೊನೆಗೆ, ವಿಮಾನದ ಹಣ ಕಟ್ಟುವ ಹಿಂದಿನ ದಿನ, ಇದ್ದುದನ್ನು ಇದ್ದಂತೆ ಬರೆದು ಕಳಿಸಿದರು. 'ತಂತಿ ಎಂದೂ ಕೆಟ್ಟಿರಲಿಲ್ಲ. ಕೆಟ್ಟಿದ್ದುದು ನನ್ನ ನಾಲಗೆ,' ಎಂದು ಬರೆದಿದ್ದರು. ಇಷ್ಟನ್ನು ತಿಳಿದ ಮೇಲೆ, ಬರುವುದು ಬೇಡವೆಂದು ಅವರಿಗೆ ತೋರಿದರೆ ತಮಗೆ ಬೇಸರವಿಲ್ಲವೆಂದೂ ಸೇರಿಸಿದ್ದರು.

ಎರಡು ದಿನ ಉತ್ತರವಿಲ್ಲ. ಮಾಸ್ತರರು ಕೆರೆಯ ದಂಡೆಗೆ ಹೋದರು. ವೈಶಾಖದ ಬಿಸಿಲು; ಹೆಬ್ಬಾತುಗಳು ಹೋಗಿ ತಿಂಗಳುಗಳಾಗಿದ್ದವು; ನೀರು ನಡುವಿಗೆ ಸರಿದಿತ್ತು. ಬರಿಯ ಕೆರೆಯನ್ನು ನೋಡಿ ಮನೆಗೆ ಬಂದರು. ಮೂರನೆಯ ದಿನ ಉತ್ತರ ಬಂದಿತು, ಮೊದಲ ಸಲದಂತೆಯೇ.

ತರುಣನು ಬರೆದಿದ್ದನು: 'ಅಖ್, ಸರೋವರದ ಬಳಿ ಬಹಳ ಮಾತಾಡುವ ಅತಿಥಿಗಳಿಂದ ನಮಗೆ ತೊಂದರೆ. ಹಕ್ಕಿಗಳು ದೂರ ಸರಿಯುತ್ತವೆ. ನೀವು ಬರಬೇಕು. ಆದರೆ ನಾನೂ ಒಂದು ಹೇಳಬೇಕಾಗಿದೆ.' ಮುಂದೆ ಅವನು ತಿಳಿಸಿದ ಸಂಗತಿ ಇದು. 2023-24ರ ಚಳಿಗಾಲದಲ್ಲಿ ಅವರ ದೇಶದಲ್ಲಿ 'ಜೂದ್' ಆಗಿದ್ದಿತು. ಹುಲ್ಲಿನ ಮೇಲೆ ಹಿಮವು ದಪ್ಪವಾಗಿ ಬಿದ್ದು, ಹೆಪ್ಪುಗಟ್ಟಿ, ದನಕುರಿಗಳು ಗೊರಸಿನಿಂದ ಕೆರೆದು ಮೇಯಲಾರದೆ ನಿಂತಲ್ಲೇ ಸಾಯುವ ಉತ್ಪಾತಕ್ಕೆ ಅಲ್ಲಿಯವರು ಇಟ್ಟ ಹೆಸರು ಅದು. ನಮ್ಮಲ್ಲಿ ಬರಗಾಲವು ಬಿಸಿಲಿನಿಂದ ಬರುತ್ತದೆ. ಅಲ್ಲಿ ಅದು ಬಿಳಿಯ ಬಟ್ಟೆ ಹೊದ್ದು ಬರುತ್ತದೆ. ಆ ಒಂದು ಚಳಿಗಾಲದಲ್ಲಿ ದೇಶದಲ್ಲಿ ಎಪ್ಪತ್ತು ಲಕ್ಷಕ್ಕೂ ಹೆಚ್ಚು ಪ್ರಾಣಿಗಳು ಸತ್ತವು. ತರುಣನ ತಂದೆಯ ಹಿಂಡಿನಲ್ಲಿ ಉಳಿದವು ಕೆಲವೇ. ಕುದುರೆಗಳು ಒಂದೂ ಉಳಿಯಲಿಲ್ಲ. ಆಮೇಲೆಯೂ ಅವನು ಮಾಸ್ತರರಿಗೆ ಕಳಿಸುತ್ತಿದ್ದ ಕುದುರೆಗಳ ಚಿತ್ರಗಳು ಹಿಂದಿನ ವರ್ಷಗಳವು. 'ನೀವು ಪ್ರತಿ ಸಲವೂ ಕಂದು ಕುದುರೆಯ ಕ್ಷೇಮ ಕೇಳುತ್ತಿದ್ದಿರಿ. ಅದು ಸತ್ತಿತೆಂದು ಬರೆಯಲು ಕೈ ಬರಲಿಲ್ಲ. ನಿಮ್ಮ ಮನೆಯಲ್ಲಾದರೂ ಅದು ಬದುಕಿರಲೆಂದು ಬಿಟ್ಟೆ. ನೀವು ಬಂದಾಗ ಏನು ತೋರಿಸಲಿ ಎಂದು ನನಗೂ ನಿದ್ದೆಯಿರಲಿಲ್ಲ.'

ಮಾಸ್ತರರು ಇದನ್ನು ಎರಡು ಸಲ ಓದಿ, ತಾಯಿಗೂ ಹೆಂಡತಿಗೂ ಕನ್ನಡಿಸಿ ಹೇಳಿದರು. ಹೇಳುವಾಗ 'ಕುದುರೆ' ಎಂಬಲ್ಲಿ ನಾಲಗೆ ನಿಂತಿತು. ಆ ದಿನ ಯಾರೂ ಶಬ್ದವನ್ನು ಪೂರೈಸಲಿಲ್ಲ; ಕಾದರು.

ಕಾಗದದಲ್ಲಿಯಾಗಲಿ ಗಾಜಿನ ಮೇಲಾಗಲಿ ಬರೆಯುವಾತನು ತನ್ನ ಬದುಕಿನಿಂದ ಆರಿಸಿ ಬರೆಯುತ್ತಾನೆ. ಅತಿಥಿ ಬರುವಾಗ ಪಡಸಾಲೆಯನ್ನು ಗುಡಿಸಿ ಹಾಸಿಗೆಗಳನ್ನು ಒಳಕೋಣೆಗೆ ತಳ್ಳುವುದು ಮೋಸವಲ್ಲ, ಮರ್ಯಾದೆ. ಆದರೆ ಎಷ್ಟು ವರ್ಷವಾದರೂ ಪಡಸಾಲೆಯಲ್ಲಿಯೇ ಕುಳಿತ ಸ್ನೇಹವು ನೆಂಟಸ್ತನವಾಗದು. ಒಂದಲ್ಲ ಒಂದು ದಿನ ಒಳಕೋಣೆಯ ಬಾಗಿಲು ತೆರೆಯಬೇಕು. ಪ್ರಯಾಣದ ನಿಶ್ಚಯವು ಈ ಇಬ್ಬರಿಂದ ಆ ಬಾಗಿಲನ್ನು ತೆರೆಯಿಸಿತು. ಇನ್ನು ವಿಮಾನ ಹತ್ತುವುದು ಉಳಿದಿತ್ತು. ಆದರೆ ಅತ್ಯಂತ ದೂರದ ಹಾದಿ ಆಗಲೇ ಸಂದಿತ್ತು.

ಮರುದಿನ ಹಣ ಕಟ್ಟಿದರು. ಜುಲೈ ತಿಂಗಳಿನ ಹದಿನೆಂಟು ದಿನ. ಹೋಗುವಾಗ 11ರಿಂದ 13ರವರೆಗೆ ನಾದಮ್ ಹಬ್ಬ; ಕುಸ್ತಿ, ಬಿಲ್ಲುಗಾರಿಕೆ, ಕುದುರೆಯ ಓಟ. ಆಮೇಲೆ ಸರೋವರ. 'ತ್ಸಗಾನ್' ಎಂದರೆ ಬಿಳಿ. ಕನ್ನಡದಲ್ಲಿ ಹೇಳುವುದಾದರೆ ಅದು ಬಿಳಿಕೆರೆ. ಸಮುದ್ರಮಟ್ಟದಿಂದ ಎರಡು ಸಾವಿರ ಮೀಟರಿನ ಮೇಲೆ ಇರುವುದರಿಂದ ಬೇಸಗೆಯಲ್ಲಿಯೂ ರಾತ್ರಿ ಗಡಗಡ ನಡುಗಿಸುವ ಚಳಿ. ಅದಕ್ಕೆಂದು ತಾಯಿ ಪೆಟ್ಟಿಗೆಯಿಂದ ತಮ್ಮ ಗಂಡನ ಕಾಲದ ಕರಿಕಂಬಳಿಯನ್ನು ತೆಗೆದು ಬಿಸಿಲಿಗೆ ಹಾಕಿದರು. ಹೆಂಡತಿಯು ತರುಣನ ತಾಯಿಗೂ ಉಪಾಧ್ಯಾಯಿನಿಗೂ ಗುಳೇದಗುಡ್ಡದ ಖಣಗಳನ್ನು ತರಿಸಿದಳು. ಅವರು ಕುಪ್ಪಸ ಹೊಲಿಸುವರೆ ಎಂದು ಮಗಳು ಕೇಳಿದುದಕ್ಕೆ, 'ಏನರ ಮಾಡಲಿ. ಬರಿಗೈಲೆ ಹೋಗಬಾರದು,' ಎಂದಳು.

ಮಾಸ್ತರರು ಮಾತ್ರ ಒಂದು ಮಾತನ್ನು ಅಭ್ಯಾಸ ಮಾಡುತ್ತಿದ್ದರು. ಹುಲ್ಲುಗಾವಲಿನ ಗುಡಾರಗಳಿಗೆ ಬಡಿಯುವ ಬಾಗಿಲಿಲ್ಲ. ಕಾವಲಿಗೆ ಉಗ್ರವಾದ ನಾಯಿಗಳು. ಬಂದವನು ದೂರದಲ್ಲಿಯೇ ನಿಂತು 'ನೊಖೊಯ್ ಖೋರ್' ಎಂದು ಕೂಗಬೇಕು. ನಾಯಿ ಹಿಡಿಯಿರಿ ಎಂದು ಅದರ ಅರ್ಥ. ನಮಸ್ಕಾರಕ್ಕೂ ಅದೇ ಸಲ್ಲುತ್ತದೆ. ಗೆಳೆಯನ ಮನೆಯ ಮುಂದೆ ತಮ್ಮ ಮೊದಲ ಮಾತೇ ಇದೆಂದು ತಿಳಿದಾಗ ಮಾಸ್ತರರಿಗೆ ಎದೆ ಹಾರಿತು. ನಾಲ್ಕಾರು ದಿನ ಮಾಳಿಗೆಯ ಮೇಲೆ ನಿಂತು ಹೇಳಿ ನೋಡಿದರು. 'ಖೋ' ಎಂಬಲ್ಲಿ ನಿಲ್ಲುತ್ತಿದ್ದಿತು. ಆಮೇಲೆ ಒಂದು ಸಂಜೆ, ದನ ಹೊಡೆದುಕೊಂಡು ಬರುವ ಹುಡುಗರು ಹೊಲದಿಂದ ಹೊಲಕ್ಕೆ ರಾಗವೆಳೆದು ಕೂಗುವುದನ್ನು ಕೇಳಿದರು. ತಾವೂ ಹಾಗೆಯೇ, ಮಾತನ್ನು ಮಾತೆಂದು ಆಡದೆ, ಹಾಡಿನಂತೆ ಎಳೆದು ಬಿಟ್ಟರು. ಎಲ್ಲಿಯೂ ತಡೆಯಲಿಲ್ಲ. ಓಣಿಯ ನಾಯಿಗಳೆಲ್ಲ ಒಮ್ಮೆಲೆ ಬೊಗಳಿದವು.

ಕೆಳಗೆ ಅಂಗಳದಲ್ಲಿ ಕಂಬಳಿ ಮಡಚುತ್ತಿದ್ದ ತಾಯಿ ತಲೆಯೆತ್ತಿ ನೋಡಿದರು. ಎಂಬತ್ತನಾಲ್ಕು ವರ್ಷದ ಜೀವ. ಮಗನು ದೇಶಾಂತರದಲ್ಲಿರುವಾಗ ತಮಗೆ ಏನಾದರೂ ಆದೀತೆಂಬ ಮಾತು ಮನೆಯವರೆಲ್ಲರ ಮನಸ್ಸಿನಲ್ಲಿತ್ತು, ಬಾಯಿಗೆ ಬಂದಿರಲಿಲ್ಲ. ಪುಣೆಯಿಂದ ಚಿಕ್ಕ ಮಗನು ಬಂದು ಆ ಹದಿನೆಂಟು ದಿನ ಇರುವನೆಂದು ನಿಶ್ಚಯವಾಗಿದ್ದಿತು. ಮಾಸ್ತರರು ಇಳಿದುಬಂದು ಕಂಬಳಿಯ ಇನ್ನೊಂದು ತುದಿ ಹಿಡಿದು, 'ಅವ್ವಾ, ಹೋಗಲೇನು?' ಎಂದರು. ಅದು ಅನುಮತಿ ಕೇಳುವ ಮಾತಾಗಿತ್ತು.

'ಕಾರ್ತೀಕದಾಗ ಹಕ್ಕಿ ಬರತಾವಲ್ಲ,' ಎಂದರು ಆಕೆ, 'ಅವು ಬರೂದರೊಳಗ ನೀ ಬಂದಿರತಿ. ಹೋಗಿ ಬಾ. ಆ ಹುಡುಗನ ಅಪ್ಪಗ ಒಂದು ಕುದರಿ ಕೊಡಸಾಕ ಎಷ್ಟು ಬೀಳತೈತಿ, ಕೇಳಕೊಂಡು ಬಾ.'

ಮಾಸ್ತರರು ಕಂಬಳಿಯನ್ನು ಮಡಚಿ, ಹಿಂಡಿಯ ಡಬ್ಬಿಗಳ ಮೇಲೆ ಇಟ್ಟರು.